ರಟ್ಟಿನ ಪಿಯಾನೊಗೆ ಲಾರಿಯ ಟೇಪು

ಊರಿಗೆ ಹೊರಟಾಗ ಅಲ್ಲಿನ ಮಕ್ಕಳಿಗೆ ಏನು ಒಯ್ಯಬೇಕು ಎಂಬ ಪ್ರಶ್ನೆಗೆ ನಮ್ಮ ಸಂಘದವರು ಚಾಕೊಲೇಟ್ ಬಿಟ್ಟು ಬೇರೆ ಉತ್ತರ ಹುಡುಕಿದ್ದನ್ನು ನಾನು ಕಂಡಿಲ್ಲ. ಈ ಬೇಸಿಗೆಯಲ್ಲಿ ನಾನು ಕಲಬುರಗಿಗೆ ಒಯ್ದದ್ದು ಇಲ್ಲಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ನಿಂಟೆಂಡೊ ಲ್ಯಾಬೊ. ರಟ್ಟಿನಿಂದ ಆಟಿಕೆ ಕಟ್ಟಿ, ಅದನ್ನು ನಿಂಟೆಂಡೊ ಕಂಪನಿಯ ಸ್ವಿಚ್ ಎಂಬ ವಿಡಿಯೋ ಗೇಮ್ ಯಂತ್ರದೊಂದಿಗೆ ಆಡುವ ಆಟ ಇದು. 2018ರ ಏಪ್ರಿಲ್‌ನಲ್ಲಿ ಬಂದ ಇದರ ಮೊದಲ ಕಿಟ್‌ನಲ್ಲಿ ಪಿಯಾನೊ, ಗಾಳದ ಕೋಲು, ಮನೆ, ಬೈಕಿನ ಹ್ಯಾಂಡಲ್, ಪುಟ್ಟ ಕಾರು ಎಲ್ಲವೂ ರಟ್ಟಿನ ಹಾಳೆಗಳಿಂದಲೇ ಆಗಬೇಕು. ಕತ್ತರಿ ಬೇಡ, ಅಂಟೂ ಬೇಡ. ಗೆರೆ ಇದ್ದಲ್ಲಿ ಮಡಚಿ, ಸೀಳು ಇದ್ದಲ್ಲಿ ತೂರಿಸಿದರಾಯಿತು. ದಾರಿಯನ್ನು ಸ್ವಿಚ್‌ನ ಪರದೆಯೇ ತೋರಿಸುತ್ತದೆ. ಚಿತ್ರವನ್ನು ತಿರುಗಿಸಿ ಬೆನ್ನು ಹೊಟ್ಟೆ ಎರಡನ್ನೂ ನೋಡಬಹುದು. ಕನ್ನಡ ಮಾಧ್ಯಮದಲ್ಲಿ ಓದುವ ಅಣ್ಣನ ಮಗನಿಗೆ ಇಂಗ್ಲಿಷ್ ಸಾಲುಗಳು ಬೇಕಾಗಲೇ ಇಲ್ಲ.

ಸೆಕೆಂಡ್ ಹ್ಯಾಂಡ್ ಮಾಲಿನಲ್ಲಿ ಒಂದು ನಷ್ಟವಂತೂ ಇದೆ. ಕಟ್ಟುವುದರಲ್ಲೇ ಈ ಆಟದ ಅರ್ಧ ಸುಖ, ಅದನ್ನು ಹಿಂದಿನವರು ಉಂಡು ಮುಗಿಸಿರುತ್ತಾರೆ. ನಮ್ಮ ಪಿಯಾನೊ ಕಟ್ಟಿಯೇ ಬಂದಿತ್ತು, ಅದರ 13 ಕೀಲಿಗಳಲ್ಲಿ ಕೆಲವು ಮೂಕವಾಗಿದ್ದವು. ಹುಡುಗ ಹಿಂಬದಿಯ ಮುಚ್ಚಳ ತೆಗೆದು ಒಳಗೆ ಇಣುಕಿದ. ಕೀಲಿಯ ಮುಂದಿನ ತುದಿ ಒತ್ತಿದರೆ ಹಿಂದಿನ ತುದಿ ಮೇಲೇಳುತ್ತದೆ. ಅದಕ್ಕೆ ಅಂಟಿಸಿದ ಹೊಳೆಯುವ ಪಟ್ಟಿಯನ್ನು, ಸ್ವಿಚ್‌ನಿಂದ ಕಳಚಿ ಪಿಯಾನೊದೊಳಗೆ ಕೂರಿಸಿದ ಬಲಗೈ ಕಂಟ್ರೋಲರ್‌ನ ಇನ್‌ಫ್ರಾರೆಡ್ ಕ್ಯಾಮೆರಾ ನೋಡುತ್ತದೆ. ಯಾವ ಪಟ್ಟಿ ಕಂಡಿತೋ ಆ ಸ್ವರ. "ಕಾಕಾ, ಇದು ಒತ್ತಿದ್ದನ್ನು ಕೇಳುವುದಿಲ್ಲ, ಕಂಡದ್ದನ್ನು ನುಡಿಸುತ್ತದೆ" ಎಂದ. ಮೂಕವಾಗಿದ್ದ ಕೀಲಿಗಳ ಪಟ್ಟಿಗಳು ಉದುರಿಹೋಗಿದ್ದವು.

ಬಿಡಿಭಾಗಕ್ಕೆ ಜಪಾನಿಗೆ ಬರೆಯಬೇಕಾಗಲಿಲ್ಲ. ಊರಿನ ಧಾನ್ಯದ ಮಾರುಕಟ್ಟೆ ನೆಹರೂ ಗಂಜಿನಲ್ಲಿ ತೊಗರಿ ಹೇರುವ ಲಾರಿಗಳಿಗೆ ಕೊರತೆಯೇ? ಅವುಗಳ ಮುಂಭಾಗಕ್ಕೆ ಅಂಟಿಸುವ ಬಿಳಿ ರಿಫ್ಲೆಕ್ಟರ್ ಟೇಪು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಅಳತೆ ಮಾಡಿ ಕೊಟ್ಟರು. ಬ್ಲೇಡಿನಿಂದ ಕೊಯ್ದು ಅಂಟಿಸಿದೆವು, ಪಿಯಾನೊ ಬಾಯಿ ಬಿಟ್ಟಿತು. ಮೇ ತಿಂಗಳ ಕಲಬುರಗಿಯಲ್ಲಿ ರಟ್ಟಿಗೆ ಬಿಸಿಲಿನ ಭಯವಿಲ್ಲ, ಭಯ ಕೂಲರ್‌ನದು. ಅದರ ತೇವದ ಗಾಳಿಗೆ ಒಡ್ಡಿದ ಕೀಲಿಗಳು ಮೆತ್ತಗಾಗಿ ಮೇಲೇಳಲು ಬೇಸರಪಟ್ಟವು. ಆದ್ದರಿಂದ ಪಿಯಾನೊ ಪಡಸಾಲೆಗೆ ಹೋಯಿತು, ನಾವು ಬೆವರಿದೆವು. ಕರೆಂಟು ಹೋದಾಗ ಸ್ವಿಚ್ ಬ್ಯಾಟರಿಯಲ್ಲಿ ನಡೆಯಿತು.

ಆಟವಾಗಿ ನೋಡಿದರೆ ಇದು ತೆಳು. ಮೀನು ಹಿಡಿಯುವುದು ಬೇಗ ಸಾಕಾಗುತ್ತದೆ, ರಟ್ಟಿನ ಮನೆಯೊಳಗೆ ಪರದೆಯಲ್ಲಿ ಕಾಣುವ ಪ್ರಾಣಿ ಚಿಕ್ಕವರಿಗೆ ಮಾತ್ರ ಮುದ್ದು. ಕಾರಿಗೆ ಚಕ್ರವೇ ಇಲ್ಲ, ಎರಡು ಕಂಟ್ರೋಲರ್‌ಗಳ ನಡುಕದಿಂದಲೇ ತೆವಳುತ್ತದೆ. ಇದನ್ನು ನೋಡಿ ಬೆರಗಾದವರು ಹಿರಿಯರೇ. ಆದರೂ ಬಿಚ್ಚಿ ನೋಡಬಹುದಾದ, ಕೆಟ್ಟರೆ ಮನೆಯಲ್ಲೇ ರಿಪೇರಿಯಾಗುವ ಆಟಿಕೆ ಇಂದು ಅಪರೂಪ. ಹೊಳೆಯುವ ಹೊಸ ಡ್ರೋನ್‌ಗಿಂತ ಇದನ್ನೇ ಒಯ್ಯಿರಿ ಎನ್ನುತ್ತೇನೆ.

ಕೊಳ್ಳುವವರು ಪೆಟ್ಟಿಗೆಯಲ್ಲಿ ಆಟದ ಕಾರ್ಟ್ರಿಜ್ ಇದೆಯೇ ಎಂದು ಮೊದಲು ನೋಡಬೇಕು, ಅದಿಲ್ಲದ ರಟ್ಟು ರದ್ದಿಗೇ ಸರಿ. ಸ್ವಿಚ್ ಲೈಟ್‌ನ ಕಂಟ್ರೋಲರ್‌ಗಳು ಕಳಚಿ ಬರುವುದಿಲ್ಲ, ರಟ್ಟಿನೊಳಗೆ ಕೂರಿಸಲಾಗದು. ಸ್ವಿಚ್ 2ರ ಹೊಸ ಕಂಟ್ರೋಲರ್‌ಗಳಲ್ಲಿ ಆ ಕ್ಯಾಮೆರಾ ಇಲ್ಲ, ಹಳೆಯ ಜೋಡಿಯೇ ಬೇಕು. ಸಂಘದ ಮುಂದಿನ ವಿನಿಮಯ ಮೇಜಿಗೆ ಯಾರಾದರೂ ಇಂಥ ಕಿಟ್ ತರುವುದಿದ್ದರೆ ಹರಿದ ಕೀಲಿ, ಜೋತುಬಿದ್ದ ರಬ್ಬರ್ ಬ್ಯಾಂಡ್ ನೋಡಿ ಸಂಕೋಚಪಡಬೇಡಿ. ಟೇಪಿನ ಉಳಿದ ಸುರುಳಿ ನನ್ನ ಬಳಿ ಇದೆ.