ಗೇಟಿಗೆ ಬಂದವರನ್ನು ಮಾತಾಡಿಸು

ಪ್ರೀತಿಯ ಪುಟ್ಟನಿಗೆ,

ನಿನ್ನ ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಮಂಡಿನೋವು ಈಗ ಪರವಾಗಿಲ್ಲ, ಮೆಟ್ಟಿಲು ಹತ್ತುವಾಗ ಮಾತ್ರ ಸ್ವಲ್ಪ ಹಿಡಿಯುತ್ತದೆ.

ಹೋದ ವಾರ ಫೋನಿನಲ್ಲಿ ನೀನು ತುಂಬಾ ಬೇಜಾರು ಮಾಡಿಕೊಂಡೆ. ಕಾರ್ಖಾನೆಗೆ ಎರಡು ಹೊಸ ಸಿಎನ್‌ಸಿ ಮೆಷಿನ್ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವವು) ಬಂದು ಕೂತಿವೆ, ಓಡಿಸೋಕೆ ಹುಡುಗರಿಲ್ಲ, ಅಷ್ಟು ದುಡ್ಡು ಸುರಿದು ವೆಬ್‌ಸೈಟ್ ಮಾಡಿಸಿದರೂ ಸರಿಯಾದವರು ಒಬ್ಬರೂ ಬರುತ್ತಿಲ್ಲ ಅಂದೆ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ ಅರ್ಧ ಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನೀನಿರುವ ಬೆಂಗಳೂರಿನ ಪೀಣ್ಯದಲ್ಲೇ ಒಂದು ಕಾರ್ಖಾನೆಯ ಪರ್ಸನಲ್ ಡಿಪಾರ್ಟ್‌ಮೆಂಟಿನಲ್ಲಿ 31 ವರ್ಷ ಜನರನ್ನು ಕೆಲಸಕ್ಕೆ ತೆಗೆದುಕೊಂಡವಳು ನಾನು. ಈ ಒಂದು ವಿಷಯದಲ್ಲಿ ನನ್ನ ಮಾತು ಪೂರ್ತಿ ಕೇಳು.

ನಮ್ಮ ಪಕ್ಕದ ಮನೆ ಹುಡುಗಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾಳೆ. ಇನ್‌ಸ್ಪೆಕ್ಷನ್ ಕೆಲಸ ಹುಡುಕುತ್ತಿದ್ದಳು. ಮೂರು ವಾರದ ಹಿಂದೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಫೋನಿನಲ್ಲೇ ನಿನ್ನ ಸೈಟ್ ತೆಗೆಸಿದೆ. ಮೊದಲು ಬಂದಿದ್ದು ಒಂದು ಗಾಜಿನ ಕಟ್ಟಡದ ಚಿತ್ರ. ಕೋಟು ಹಾಕಿದ ಇಬ್ಬರು ವಿದೇಶದವರು ಕೈ ಕುಲುಕುತ್ತಿದ್ದಾರೆ. "ಆಂಟಿ, ಇದು ಸಾಫ್ಟ್‌ವೇರ್ ಕಂಪನಿನಾ?" ಅಂತ ಕೇಳಿದಳು. ನಿನ್ನ ಶೆಡ್ಡು, ನಿನ್ನ ಮೆಷಿನ್ನು, ನಿನ್ನ ಹುಡುಗರು, ಯಾರೂ ಆ ಸೈಟಿನಲ್ಲಿಲ್ಲ.

'ಕೆರಿಯರ್ಸ್' ಅನ್ನೋದು ತಳದಲ್ಲಿ ಇರುವೆಯಷ್ಟು ಅಕ್ಷರದಲ್ಲಿತ್ತು. ಒತ್ತಿದರೆ ಮೂರು ಕೆಲಸ. ಒಂದರ ಕೊನೆಯ ದಿನಾಂಕ ಹೋಗಿ ಎರಡು ವರ್ಷ ಆಗಿದೆ. ಇನ್ನೊಂದರ ಹೆಸರು 'ಪ್ರೊಡಕ್ಷನ್ ಅಸೋಸಿಯೇಟ್, ಲೆವೆಲ್ 2'. ಸಂಬಳದ ಜಾಗದಲ್ಲಿ 'ಉದ್ಯಮದ ಮಟ್ಟಕ್ಕೆ ತಕ್ಕಂತೆ'. ಆಮೇಲೆ ಅರ್ಜಿ. ನಾನು ಎಣಿಸಿದೆ ಪುಟ್ಟ, 19 ಖಾನೆ. ಆಧಾರ್ ನಂಬರ್, ತಂದೆಯ ಉದ್ಯೋಗ, ಎಲ್ಲ ಬೇಕು. ಎಲ್ಲ ತುಂಬಿದ ಮೇಲೆ ಬಯೋಡೇಟಾ ಪಿಡಿಎಫ್‌ನಲ್ಲೇ ಇರಬೇಕು ಅಂತು. ಅವಳ ಹತ್ತಿರ ಇದ್ದದ್ದು ಫೋಟೋ. ಮಾರನೇ ದಿನ ಸೈಬರ್ ಸೆಂಟರ್‌ಗೆ ಹೋಗಿ ಪಿಡಿಎಫ್ ಮಾಡಿಸಿ ಕಳಿಸಿದಳು. ಇವತ್ತಿನವರೆಗೂ ನಿನ್ನ ಕಡೆಯಿಂದ ಒಂದು ಅಕ್ಷರ ಇಲ್ಲ.

ನಿನ್ನ ಸೈಟ್‌ಗೆ ಜನ ಬರುತ್ತಿಲ್ಲ ಅಂದೆಯಲ್ಲ, ಬಂದವರು ಹೀಗೆ ವಾಪಸ್ ಹೋಗುತ್ತಿದ್ದಾರೆ.

ನಮ್ಮ ಕಾಲದಲ್ಲಿ ಗೇಟಿಗೆ ಒಂದು ಹಲಗೆ ತೂಗುಹಾಕುತ್ತಿದ್ದೆವು. 'ಟರ್ನರ್, ಫಿಟ್ಟರ್ ಬೇಕಾಗಿದ್ದಾರೆ.' ತುಮಕೂರು, ಶಿರಾ, ಹಾಸನದ ಕಡೆಯಿಂದ ಹುಡುಗರು ಬೆಳಿಗ್ಗೆಯೇ ಬರುತ್ತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಐಟಿಐ ಮಾರ್ಕ್ಸ್ ಕಾರ್ಡು. ನಮ್ಮನ್ನು ನೋಡುವ ಮೊದಲು ಅವರು ವಾಚ್‌ಮನ್ ಹತ್ತಿರ ಮಾತಾಡುತ್ತಿದ್ದರು. ಎಷ್ಟು ಕೊಡ್ತಾರೆ? ನೈಟ್ ಶಿಫ್ಟ್ ಇದೆಯಾ? ಊಟ ಕೊಡ್ತಾರಾ? ರೂಮು ಎಲ್ಲಿ ಸಿಗುತ್ತೆ? ನಮ್ಮ ವಾಚ್‌ಮನ್ ಒಳ್ಳೆಯ ಮನುಷ್ಯ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದ. ಎಷ್ಟೋ ಜನ ಅವನ ಮಾತು ಕೇಳಿಯೇ ಒಳಗೆ ಬಂದರು. ಈಗ ಆ ವಾಚ್‌ಮನ್ ಕೆಲಸವನ್ನು ನಿನ್ನ ಸೈಟು ಮಾಡಬೇಕು.

ಸಂಬಳ ಬರೆಯೋಕೆ ನೀನು ಹೆದರುತ್ತೀಯ, ಗೊತ್ತು. ಪಕ್ಕದ ಶೆಡ್ಡಿನವನು ನೋಡಿ ಐನೂರು ಜಾಸ್ತಿ ಕೊಟ್ಟು ಎಳೆದುಕೊಳ್ಳುತ್ತಾನೆ ಅನ್ನೋ ಭಯ. ಅವನಿಗೆ ಆಗಲೇ ಗೊತ್ತಿರುತ್ತದೆ ಕಣೋ. ಟೀ ಅಂಗಡಿಯಲ್ಲಿ ಹುಡುಗರು ಮಾತಾಡಿಕೊಳ್ಳುವುದೇ ಅದನ್ನ. ಗೊತ್ತಿಲ್ಲದವನು ಶಿರಾದಲ್ಲಿ ಕೂತು ಬಸ್ ಹತ್ತಲೋ ಬೇಡವೋ ಅಂತ ಯೋಚಿಸುವ ಹುಡುಗ ಒಬ್ಬನೇ.

ನನ್ನ ಕೈಯಿಂದಲೇ ಆದ ತಪ್ಪು ಹೇಳುತ್ತೇನೆ. ಒಂದು ಸಲ ಪೇಪರ್ ಜಾಹೀರಾತಿನಲ್ಲಿ 'ಆಕರ್ಷಕ ಸಂಬಳ' ಅಂತ ಬರೆದೆ. ಹೊಸದುರ್ಗದ ಕಡೆಯ ಹುಡುಗನೊಬ್ಬ ಊರಲ್ಲಿದ್ದ ಕೆಲಸ ಬಿಟ್ಟು ಬಂದ. ಒಳ್ಳೆಯ ಕೈ ಅವನದು. ಮೊದಲ ತಿಂಗಳ ಕವರ್ ಬಿಚ್ಚಿ ಎಣಿಸಿದ, ಮತ್ತೆ ಎಣಿಸಿದ, ನನ್ನ ಮೇಜಿನ ಮುಂದೆ ಬಂದು ಸುಮ್ನೆ ನಿಂತ. ಏನೂ ಕೇಳಲಿಲ್ಲ. ಮಾರನೇ ದಿನ ಕೆಲಸಕ್ಕೆ ಬರಲಿಲ್ಲ. ಆ ಮುಖ ನನಗೆ ಇನ್ನೂ ಮರೆತಿಲ್ಲ.

ಅದಕ್ಕೇ ಹೇಳುತ್ತೇನೆ, ಒಟ್ಟು ಎಷ್ಟು, ಕೈಗೆ ಎಷ್ಟು, ಎರಡನ್ನೂ ಬರಿ. ಪಿಎಫ್‌ಗೆ ಮೂಲ ಸಂಬಳ ಮತ್ತು ತುಟ್ಟಿಭತ್ಯೆಯ (ಡಿಎ) ಮೇಲೆ ಶೇ 12, ಇಎಸ್‌ಐಗೆ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಗೆ, ಶೇ 0.75 ಹಿಡಿಯುತ್ತಾರೆ ಅಂತ ಮೊದಲೇ ತಿಳಿಸು. ಹಿಡಿದದ್ದು ಎಲ್ಲಿಗೆ ಹೋಗುತ್ತದೆ ಅಂತಲೂ ತಿಳಿಸು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವನಿಗೆ ಇಎಸ್‌ಐ ಇದೆ, ಅವನನ್ನೇ ನಂಬಿಕೊಂಡಿರುವ ಅಪ್ಪ ಅಮ್ಮನಿಗೂ ಚಿಕಿತ್ಸೆ ಸಿಗುತ್ತದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಹೆಸರು ಹಾಕಿದರೆ ಹಳ್ಳಿಯಲ್ಲಿರುವ ತಾಯಿಗೂ ಧೈರ್ಯ ಬರುತ್ತದೆ. ಓವರ್‌ಟೈಮ್‌ಗೆ ಡಬಲ್ ರೇಟ್ ಕೊಡುತ್ತೀಯಲ್ಲ, ಅದನ್ನು ಯಾಕೆ ಮುಚ್ಚಿಟ್ಟುಕೊಂಡಿದ್ದೀಯ? ಕಾನೂನು ಹೇಳಿದ್ದೇ ಆದರೂ ಕೊಡದವರು ಬೇಕಾದಷ್ಟು ಜನ ಇದ್ದಾರೆ.

ನೈಟ್ ಶಿಫ್ಟ್ ಇದೆ ಅನ್ನೋದನ್ನೂ ಬರಿ. ಬಚ್ಚಿಟ್ಟರೆ ಬಂದವನು ವಾರದಲ್ಲಿ ಹೋಗುತ್ತಾನೆ. ಪೀಣ್ಯ ಇಂಡಸ್ಟ್ರಿ ಮೆಟ್ರೋ ಸ್ಟೇಷನ್‌ನಿಂದ ನಡೆದು ಬಂದರೆ ಎಷ್ಟು ಹೊತ್ತು, ಸೆಕೆಂಡ್ ಶಿಫ್ಟ್ ಬಿಟ್ಟಾಗ ಹೆಣ್ಣುಮಕ್ಕಳು ಹೇಗೆ ಮನೆಗೆ ಹೋಗಬೇಕು, ಇದೆಲ್ಲ ಇರಲಿ. ನಿನ್ನಲ್ಲಿ ಈಗ 62 ಜನ ಇದ್ದಾರೆ ಅಂದೆ. 50 ಜನ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಲೇಬೇಕು ಅಂತ 2017ರಲ್ಲೇ ಹೆರಿಗೆ ಸೌಲಭ್ಯದ ಕಾನೂನಿಗೆ ಸೇರಿಸಿದ್ದಾರೆ. ಮೊದಲು ಅದನ್ನು ಮಾಡು, ಆಮೇಲೆ ಅದರ ಫೋಟೋ ಹಾಕು. ಇಲ್ಲದ್ದನ್ನು ಮಾತ್ರ ಇದೆ ಅಂತ ಬರೆಯಬೇಡ.

ಆ ಕೋಟಿನವರ ಚಿತ್ರ ತೆಗೆಸಿಬಿಡು. ನಿನ್ನ ಹಳೆಯ ಸೆಟ್ಟರ್ ಇದ್ದಾನಲ್ಲ, ಹೆಲ್ಪರ್ ಆಗಿ ಸೇರಿ ಈಗ ನಾಲ್ಕು ಮೆಷಿನ್ ನೋಡಿಕೊಳ್ಳುವವನು. ಅವನು ಒಪ್ಪಿದರೆ ಮೆಷಿನ್ ಮುಂದೆ ನಿಲ್ಲಿಸಿ ಫೋನಿನಲ್ಲೇ ಒಂದು ನಿಮಿಷದ ವಿಡಿಯೋ ಮಾಡು. ಏನು ಹೇಳಬೇಕು ಅಂತ ಬರೆದುಕೊಡಬೇಡ, ಅವನ ಮಾತಲ್ಲೇ ಹೇಳಲಿ. ಮೆಷಿನ್ ನಡೆಸುವ ಕಂಟ್ರೋಲರ್ ಯಾವ ಕಂಪನಿಯದು, ಫ್ಯಾನುಕ್ಕಾ ಸೀಮೆನ್ಸಾ, ಯಾವ ಪಾರ್ಟು, ಅಳತೆಯಲ್ಲಿ ಎಷ್ಟು ಮೈಕ್ರಾನ್ ವ್ಯತ್ಯಾಸ (ಟಾಲರೆನ್ಸು) ನಡೆಯುತ್ತದೆ, ಇದೆಲ್ಲ ಬರಲಿ. ಕೆಲಸ ಗೊತ್ತಿರುವ ಹುಡುಗ ಅದನ್ನೇ ಹುಡುಕುತ್ತಾನೆ.

ಹುಡುಕುವ ಮಾತು ಬಂತಲ್ಲ. ಯಾವ ಹುಡುಗನೂ ಗೂಗಲ್‌ನಲ್ಲಿ 'ಪ್ರೊಡಕ್ಷನ್ ಅಸೋಸಿಯೇಟ್' ಅಂತ ಹುಡುಕುವುದಿಲ್ಲ. 'ಸಿಎನ್‌ಸಿ ಆಪರೇಟರ್ ಕೆಲಸ ಪೀಣ್ಯ' ಅಂತ ಹಾಕುತ್ತಾನೆ. ಕೆಲಸಕ್ಕೆ ಆ ಹೆಸರೇ ಇಡು. ಒಂದೊಂದು ಕೆಲಸಕ್ಕೂ ಬೇರೆ ಬೇರೆ ಪುಟ ಇರಲಿ. ಗೂಗಲ್ 2018ರಿಂದ ನಮ್ಮ ದೇಶದಲ್ಲೂ ಕೆಲಸಗಳನ್ನು ಬೇರೆಯಾಗಿ ತೋರಿಸುತ್ತಿದೆ. ಅದರಲ್ಲಿ ಬರಬೇಕಾದರೆ ಪುಟದ ಒಳಗೆ 'ಜಾಬ್‌ಪೋಸ್ಟಿಂಗ್' ಅನ್ನೋ ಗುರುತು ಹಾಕಬೇಕು. ಕೆಲಸದ ಹೆಸರು, ಊರು, ಹಾಕಿದ ದಿನ, ಮುಗಿಯುವ ದಿನ, ಸಂಬಳ, ಇವನ್ನೆಲ್ಲ ಗೂಗಲ್ ಓದುವ ಹಾಗೆ. ಸೈಟ್ ಮಾಡಿದ ಹುಡುಗನಿಗೆ ಈ ಹೆಸರು ಹೇಳಿದರೆ ಸಾಕು, ಮಾಡಿಕೊಡುತ್ತಾನೆ. ಭರ್ತಿಯಾದ ಕೆಲಸವನ್ನು ಅವತ್ತೇ ತೆಗೆಸು.

ಕನ್ನಡದಲ್ಲೂ ಹಾಕಿಸು. 'ನುಡಿ' ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಫೋನಿನಲ್ಲಿ ಗೀಚಿದಂತೆ ಕಾಣುತ್ತದೆ, ಚಿತ್ರ ಮಾಡಿ ಹಾಕಿದರೆ ಹುಡುಕಿದವರಿಗೆ ಸಿಗುವುದು ಕಷ್ಟ. ಎಲ್ಲ ಫೋನಿನಲ್ಲೂ ಓದಲು ಬರುವ ಯೂನಿಕೋಡ್‌ ಅಕ್ಷರದಲ್ಲೇ ಇರಲಿ. ಒಡಿಶಾ, ಬಿಹಾರದ ಹುಡುಗರೂ ನಿನ್ನಲ್ಲಿದ್ದಾರೆ, ಹಿಂದಿಯಲ್ಲೂ ನಾಲ್ಕು ಸಾಲು ಬರಿ.

ಅರ್ಜಿಗೆ ಹೆಸರು, ಫೋನ್ ನಂಬರ್, ಓದಿದ್ದು, ಎಷ್ಟು ವರ್ಷದ ಅನುಭವ, ಇಷ್ಟು ಸಾಕು. ವಾಟ್ಸ್ಯಾಪ್ ನಂಬರ್ ಒಂದು ಕೊಡು, ಮಾರ್ಕ್ಸ್ ಕಾರ್ಡಿನ ಫೋಟೋ ಅಲ್ಲಿಗೇ ಕಳಿಸಲಿ. ಆಧಾರ್ ಸೇರುವ ದಿನ ಕೇಳಿದರಾಯಿತು. ಬೇರೆಯವರ ಮಾಹಿತಿ ಇಟ್ಟುಕೊಂಡ ಮೇಲೆ ಕಾಪಾಡುವ ಹೊಣೆಯೂ ನಿನ್ನದೇ, 2023ರಲ್ಲಿ ಅದಕ್ಕೆಂದೇ ಕಾಯ್ದೆ ಬಂದಿದೆ. ಇನ್ನೊಂದು ಸಾಲು ದೊಡ್ಡ ಅಕ್ಷರದಲ್ಲಿ ಹಾಕಲೇಬೇಕು: 'ನಮ್ಮಲ್ಲಿ ಕೆಲಸಕ್ಕೆ ಯಾರೂ ಒಂದು ರೂಪಾಯಿ ಕೊಡಬೇಕಾಗಿಲ್ಲ.' ಕಂಪನಿಗಳ ಹೆಸರಲ್ಲಿ ಸುಳ್ಳು ಆಫರ್ ಲೆಟರ್ ಕಳಿಸಿ, ಡೆಪಾಸಿಟ್ ಅಂತ ಬಡವರ ದುಡ್ಡು ಹೊಡೆಯುವವರು ಜಾಸ್ತಿ ಆಗಿದ್ದಾರೆ.

ಕೊನೆಗೆ ಉತ್ತರದ ವಿಷಯ. ನಾವು ಇಂಟರ್‌ವ್ಯೂಗೆ ಬಂದವರಿಗೆಲ್ಲ ಕಾರ್ಡ್ ಬರೆಯುತ್ತಿದ್ದೆವು, ಆಯ್ಕೆ ಆಗದವರಿಗೂ. ಸಂಜೆ ಐದರ ಮೇಲೆ ಕೂತು ನಾನೇ ಎಷ್ಟೋ ಬರೆದಿದ್ದೇನೆ. ಎರಡು ವರ್ಷದ ಮೇಲೆ ಅದೇ ಕಾರ್ಡ್ ಹಿಡಿದುಕೊಂಡು ಮತ್ತೆ ಗೇಟಿಗೆ ಬಂದವರಿದ್ದಾರೆ. ನಿನಗೆ ಈಗ ಕಾರ್ಡು, ಅಂಚೆ ಯಾವುದೂ ಬೇಕಾಗಿಲ್ಲ. ಏಳು ದಿನದೊಳಗೆ ಹೌದೋ ಅಲ್ಲವೋ ತಿಳಿಸುತ್ತೇವೆ ಅಂತ ಪುಟದಲ್ಲೇ ಬರಿ, ಬರೆದ ಹಾಗೆ ನಡೆದುಕೋ. ಆಗುವುದಿಲ್ಲ ಅನ್ನಿಸಿದರೆ ಬರೆಯಲೇಬೇಡ.

ಪಕ್ಕದ ಮನೆ ಹುಡುಗಿ ಇವತ್ತು ಬೆಳಿಗ್ಗೆ ಕೊತ್ತಂಬರಿ ಸೊಪ್ಪು ಕೊಡೋಕೆ ಬಂದಳು. "ಆಂಟಿ, ಏನಾದರೂ ಗೊತ್ತಾಯ್ತಾ?" ಅಂತ ಕೇಳಿದಳು. ನನ್ನ ಹತ್ತಿರ ಹೇಳೋಕೆ ಏನೂ ಇರಲಿಲ್ಲ. ನನ್ನ ಪರಿಚಯದವಳು ಅಂತ ಕೆಲಸ ಕೊಡಬೇಡ. ಅವಳ ಅರ್ಜಿ ತೆಗೆದು ಓದು, ಆಗುತ್ತೋ ಇಲ್ಲವೋ, ಈ ಕಾಗದ ಸಿಕ್ಕಿದ ದಿನವೇ ಅವಳಿಗೆ ಫೋನ್ ಮಾಡು. ನಂಬರ್ ನಿನ್ನ ಆ 19 ಖಾನೆಯಲ್ಲಿ ಎಲ್ಲೋ ಇದೆ.

ಇಂತಿ ನಿನ್ನ
ದೊಡ್ಡಮ್ಮ