ವಿದ್ಯುತ್ ಕಾರಿನ ಬ್ಯಾಟರಿಗೆ ಅರ್ಧ ಪರಿಹಾರ ಯಾವ ನ್ಯಾಯ? ವಿಮಾ ಪ್ರಾಧಿಕಾರದ ಅಧ್ಯಕ್ಷರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ,
ಹೈದರಾಬಾದ್.

ವಿಷಯ: ವಿದ್ಯುತ್ ವಾಹನಗಳ ಮುಖ್ಯ ಬ್ಯಾಟರಿಗೆ ಶೇ 50ರ ಸವಕಳಿ ಕಡಿತವನ್ನು ನಿಲ್ಲಿಸುವ ಕುರಿತು.

ಮಾನ್ಯರೇ,

ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಅಲ್ಯೂಮಿನಿಯಂ ಫ್ಯಾಬ್ರಿಕೇಷನ್ ಘಟಕವೊಂದನ್ನು ನಡೆಸುತ್ತಿರುವವನು. ಕಳೆದ ಮಳೆಗಾಲದಲ್ಲಿ ಅಪಘಾತಕ್ಕೀಡಾದ ನನ್ನ ವಿದ್ಯುತ್ ಕಾರು ಇವತ್ತಿಗೂ ಸರ್ವಿಸ್ ಸೆಂಟರಿನ ಶೆಡ್ಡಿನಲ್ಲಿ ನಿಂತಿದೆ. ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆದದ್ದಾಯಿತು, ಅಲ್ಲಿನ ಮೇಲಧಿಕಾರಿಗಳಿಗೆ ಬರೆದದ್ದಾಯಿತು, ನಿಮ್ಮ ಬಿಮಾ ಭರೋಸಾ ಪೋರ್ಟಲಿನಲ್ಲಿ ದೂರು ದಾಖಲಿಸಿದ್ದೂ ಆಯಿತು. ಆ ದೂರು ತಿರುಗಿ ಅದೇ ಕಂಪನಿಯ ಕೈಗೆ ಹೋಗಿ, ಪಾಲಿಸಿಯ ಷರತ್ತುಗಳಂತೆ ಕ್ರಮ ಜರುಗಿಸಲಾಗಿದೆ ಎಂಬ ಒಂದು ಸಾಲಿನ ಉತ್ತರದೊಂದಿಗೆ ಮುಚ್ಚಿಹೋಯಿತು. ಆದುದರಿಂದ ಈಗ ಎಲ್ಲರೂ ಓದುವಂತೆ ತಮ್ಮಲ್ಲಿ ಕೇಳುತ್ತಿದ್ದೇನೆ: ವಿದ್ಯುತ್ ವಾಹನವನ್ನು ಓಡಿಸುವ ಮುಖ್ಯ ಬ್ಯಾಟರಿಗೆ ಶೇ 50ರ ಸವಕಳಿ ಕಡಿತ, ಅಂದರೆ ಬಳಕೆಯಿಂದ ಸವೆದಿದೆಯೆಂದು ಅರ್ಧ ಬೆಲೆ ಕಳೆಯುವುದು, ಅನ್ವಯಿಸುವುದಿಲ್ಲ ಎಂದು ಸ್ಪಷ್ಟ ಮಾತಿನಲ್ಲಿ ಸುತ್ತೋಲೆ ಹೊರಡಿಸಿ.

ನಡೆದದ್ದು ಇಷ್ಟು. ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿದ ಮೇಲೆ, ಕಾಮಗಾರಿ ನಡೆಯುತ್ತಿದ್ದ ಕಡೆ, ಮಳೆನೀರು ನಿಂತ ಸರ್ವಿಸ್ ರಸ್ತೆಯಲ್ಲಿ ಕಣ್ಣಿಗೆ ಕಾಣದಂತೆ ಬಿದ್ದಿದ್ದ ಕಾಂಕ್ರೀಟ್ ತುಂಡೊಂದು ಕಾರಿನ ತಳಕ್ಕೆ ಬಡಿಯಿತು. ಪೆಟ್ರೋಲ್ ಕಾರಾಗಿದ್ದರೆ ಆಯಿಲ್ ಸಂಪ್ ಒಡೆದು, ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತಿದ್ದ ಪೆಟ್ಟು. ವಿದ್ಯುತ್ ಕಾರಿನಲ್ಲಾದರೋ ಇಡೀ ಬ್ಯಾಟರಿ ಪೆಟ್ಟಿಗೆಯೇ ತಳದುದ್ದಕ್ಕೂ ಹಾಸಿಕೊಂಡಿರುತ್ತದೆ. ಪರದೆಯ ಮೇಲೆ ಎಚ್ಚರಿಕೆ ಬಂದ ತಕ್ಷಣ ಗಾಡಿ ನಿಲ್ಲಿಸಿ, ಟೋಯಿಂಗ್ ಲಾರಿ ಕರೆಸಿ, ಚಕ್ರ ನೆಲಕ್ಕೆ ತಾಗದಂತೆ ಸರ್ವಿಸ್ ಸೆಂಟರಿಗೆ ಸಾಗಿಸಿದೆ. ಅಲ್ಲಿ ಪರೀಕ್ಷಿಸಿದವರು ಪೆಟ್ಟಿಗೆಯ ತಳ ಒಳಕ್ಕೆ ತಗ್ಗಿದೆ, ಕೂಲೆಂಟ್ ಹರಿಯುವ ತಟ್ಟೆ ಬಾಗಿದೆ, ಇನ್ಸುಲೇಷನ್ ಪರೀಕ್ಷೆಯಲ್ಲಿ ಪಾಸಾಗುತ್ತಿಲ್ಲ, ಆದ್ದರಿಂದ ಇಡೀ ಬ್ಯಾಟರಿ ಬದಲಿಸಲೇಬೇಕು ಎಂದು ಬರೆದುಕೊಟ್ಟರು. ಬ್ಯಾಟರಿಗೆ 20 ಲಕ್ಷ, ಉಳಿದ ಭಾಗಗಳು ಮತ್ತು ಕೂಲಿಗೆ 3 ಲಕ್ಷ, ಒಟ್ಟು 23 ಲಕ್ಷ ರೂಪಾಯಿಗಳ ಎಸ್ಟಿಮೇಟ್.

ಗಾಬರಿಯಾಯಿತು, ಆದರೆ ಧೈರ್ಯವೂ ಇತ್ತು. ಏಕೆಂದರೆ ನಾನು ಬರೀ ಥರ್ಡ್ ಪಾರ್ಟಿ ವಿಮೆ ಮಾಡಿಸಿ ಕೈತೊಳೆದುಕೊಂಡವನಲ್ಲ. ಏಜೆಂಟರು 'ಬಂಪರ್ ಟು ಬಂಪರ್' ಎಂದು ಹೇಳಿ ಮಾರುವ ಝೀರೋ ಡಿಪ್ರಿಸಿಯೇಷನ್, ಅಂದರೆ ಸವಕಳಿ ಕಳೆಯದ, ಕವರನ್ನು ಹೆಚ್ಚುವರಿ ಹಣ ಕೊಟ್ಟು ಕೊಂಡಿದ್ದೆ. ಪ್ರೀಮಿಯಂ ಮೇಲೆ ಶೇ 18ರ ಜಿಎಸ್‌ಟಿಯನ್ನೂ ಕಟ್ಟಿದ್ದೆ. ಕ್ಲೇಮು ಬಂದಾಗ ಕಂಪನಿ ಹೇಳಿದ್ದೇನೆಂದರೆ, ಆ ಕವರು ಟೈರು, ಟ್ಯೂಬು ಮತ್ತು ಬ್ಯಾಟರಿಗಳಿಗೆ ಅನ್ವಯವಾಗುವುದಿಲ್ಲ, ಅವುಗಳಿಗೆ ಪಾಲಿಸಿಯ ಪಟ್ಟಿಯಂತೆ ಶೇ 50 ಸವಕಳಿ ಕಳೆಯಲಾಗುವುದು. ಅಂದರೆ 20 ಲಕ್ಷದ ಬ್ಯಾಟರಿಯಲ್ಲಿ 10 ಲಕ್ಷ ನನ್ನ ತಲೆಗೆ. ಅದರ ಮೇಲೆ ಹಳೆಯ ಬ್ಯಾಟರಿಯ ಗುಜರಿ ಬೆಲೆಯೆಂದು ಇನ್ನೂ 2 ಲಕ್ಷ ಕಡಿತ. ಕೊನೆಗೆ ಕಂಪನಿ ಕೊಡಲು ಒಪ್ಪಿದ್ದು 11 ಲಕ್ಷ, ನಾನು ಕಟ್ಟಬೇಕಾದದ್ದು 12 ಲಕ್ಷ. ಸಂಪೂರ್ಣ ರಕ್ಷಣೆಯ ವಿಮೆ ಎಂದು ಕೊಂಡವನು ಕಂಪನಿಗಿಂತ ಹೆಚ್ಚು ಹಣ ತೆರಬೇಕು.

ಈ ಶೇ 50ರ ಪಟ್ಟಿ ಎಲ್ಲಿಂದ ಬಂತೆಂಬುದು ತಮಗೆ ನಾನು ಹೇಳಬೇಕಾದ ಸಂಗತಿಯಲ್ಲ. ವಾಹನ ವಿಮೆಯ ದರ ಮತ್ತು ಷರತ್ತುಗಳನ್ನು ಗೊತ್ತುಪಡಿಸಿದ್ದ 2002ರ ಇಂಡಿಯಾ ಮೋಟಾರ್ ಟಾರಿಫ್‌ನಲ್ಲಿ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳು, ಟೈರು, ಟ್ಯೂಬು, ಏರ್‌ಬ್ಯಾಗುಗಳ ಜೊತೆಗೆ ಬ್ಯಾಟರಿಯನ್ನೂ ಸೇರಿಸಿ ಅರ್ಧ ಬೆಲೆ ಕಳೆಯುವ ನಿಯಮವಿತ್ತು. ಆ ಕಾಲದ ಕಾರುಗಳಲ್ಲಿ ಬ್ಯಾಟರಿ ಎಂದರೆ ಬಾನೆಟ್ಟಿನ ಕೆಳಗೆ ಕೂರುವ, ಗಾಡಿ ಸ್ಟಾರ್ಟ್ ಮಾಡುವುದಕ್ಕೆ ಮತ್ತು ದೀಪ ಉರಿಸುವುದಕ್ಕೆ ಬೇಕಾದ 12 ವೋಲ್ಟಿನ ಸೀಸದ ಬ್ಯಾಟರಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಹೇಗೂ ಬದಲಿಸಬೇಕಾದ, ಕೆಲವೇ ಸಾವಿರ ರೂಪಾಯಿಯ ವಸ್ತು. ಅದಕ್ಕೆ ಅರ್ಧ ಸವಕಳಿ ಹಾಕಿದರೆ ಯಾರೂ ಆಕ್ಷೇಪಿಸುವುದಿಲ್ಲ. ನನ್ನ ಕಾರಿನ ಮುಖ್ಯ ಬ್ಯಾಟರಿಗೆ ತಯಾರಕರು 8 ವರ್ಷ ಅಥವಾ 1,60,000 ಕಿಲೋಮೀಟರುಗಳ ವಾರಂಟಿ ಕೊಟ್ಟಿದ್ದಾರೆ. ಹೊರಗಿನಿಂದ ಬಿದ್ದ ಹೊಡೆತಕ್ಕೆ ಮಾತ್ರ ಆ ವಾರಂಟಿ ಅನ್ವಯಿಸದು, ಅದಕ್ಕಾಗಿಯೇ ವಿಮೆ ಇರುವುದು. ಎರಡು ವರ್ಷವೂ ತುಂಬದ ಅಂಥ ಬ್ಯಾಟರಿ ಅರ್ಧ ಸವೆದುಹೋಗಿದೆ ಎಂದು ಯಾವ ಎಂಜಿನಿಯರ್ ಹೇಳಿಯಾನು? ಅದೇ ಪಟ್ಟಿಯಲ್ಲಿ, ಅದೇ ವಯಸ್ಸಿನ ಕಾರಿನ ಲೋಹದ ಭಾಗಗಳಿಗೆ ಕಳೆಯುವುದು ಶೇ 10 ಮಾತ್ರ.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಪಾಲಿಸಿಯಲ್ಲಿ ನನ್ನ ಕಾರಿನ ಘೋಷಿತ ಮೌಲ್ಯ, ಅಂದರೆ ಐಡಿವಿ, 56 ಲಕ್ಷ. ಆ ಮೊತ್ತವನ್ನು ಲೆಕ್ಕ ಹಾಕುವಾಗ ಬ್ಯಾಟರಿಯ ಬೆಲೆಯನ್ನು ಬೇರೆ ತೆಗೆದು ಅರ್ಧ ಮಾಡಲಿಲ್ಲ. ಇಡೀ ಕಾರಿನ ಬೆಲೆಯಲ್ಲಿ ವಯಸ್ಸಿಗೆ ತಕ್ಕ ಶೇ 20 ಕಳೆದು, ಉಳಿದದ್ದರ ಮೇಲೆ ಪ್ರೀಮಿಯಂ ವಸೂಲಿ ಮಾಡಿದರು. ಪ್ರೀಮಿಯಂ ತೆಗೆದುಕೊಳ್ಳುವ ದಿನ ಶೇ 80 ಬೆಲೆ ಬಾಳುತ್ತಿದ್ದ ಬ್ಯಾಟರಿ, ಪರಿಹಾರ ಕೊಡುವ ದಿನ ಶೇ 50ಕ್ಕೆ ಇಳಿದದ್ದು ಹೇಗೆ? ನಾಳೆ ಕಾರು ಕಳುವಾದರೆ ಬ್ಯಾಟರಿಯೂ ಸೇರಿದ ಐಡಿವಿಯನ್ನು ಇದೇ ಕಂಪನಿ ಕೊಡಲೇಬೇಕು. ರಿಪೇರಿಯ ವೆಚ್ಚ ಐಡಿವಿಯ ಶೇ 75 ದಾಟಿದ್ದರೂ ಪೂರ್ಣ ನಷ್ಟವೆಂದು ಪರಿಗಣಿಸಿ ಕೊಡಬೇಕಾಗಿತ್ತು. ನನ್ನ 23 ಲಕ್ಷ ಆ ಗೆರೆ ಮುಟ್ಟುವುದಿಲ್ಲವಾದ್ದರಿಂದ ಕಾರನ್ನು ಅವರಿಗೆ ಒಪ್ಪಿಸುವಂತೆಯೂ ಇಲ್ಲ, ರಿಪೇರಿ ಮಾಡಿಸಿಕೊಳ್ಳುವ ಶಕ್ತಿಯೂ ನನಗಿಲ್ಲ. ದಯವಿಟ್ಟು ಈ ಕಡಿತವನ್ನು ನಿಲ್ಲಿಸಿ.

ಇನ್ನು ನಷ್ಟವನ್ನು ಅಳೆಯುವ ಸರ್ವೇಯರ್ ವಿಚಾರ. ಇದನ್ನು ಬರೆಯುವಾಗ ಸಂಯಮ ಕಾಯ್ದುಕೊಳ್ಳುವುದು ನನಗೆ ಕಷ್ಟ. ಕಂಪನಿ ಕಳುಹಿಸಿದ ಸರ್ವೇಯರ್ ಬ್ಯಾಟರಿ ಪೆಟ್ಟಿಗೆಯನ್ನು ಬಿಚ್ಚಿ ಒಳಗಿನ ಹಾನಿಯನ್ನು ತೋರಿಸದೆ ನಷ್ಟವನ್ನು ಒಪ್ಪುವುದಿಲ್ಲ ಎಂದರು. ಸರ್ವಿಸ್ ಸೆಂಟರಿನವರು ಅದು ಸೀಲ್ ಮಾಡಿದ ಹೈವೋಲ್ಟೇಜ್ ಘಟಕ, ತಯಾರಕರ ಅನುಮತಿಯಿಲ್ಲದೆ ಬಿಚ್ಚಿದರೆ ವಾರಂಟಿ ಹೋಗುತ್ತದೆ, ಬಿಚ್ಚುವವರ ಜೀವಕ್ಕೂ ಅಪಾಯ ಎಂದರು. ಈ ಎರಡು ಮಾತುಗಳ ನಡುವೆ ವಾರಗಟ್ಟಲೆ ನಾನೊಬ್ಬ ಸಂದೇಶವಾಹಕನಾಗಿ ಓಡಾಡಿದೆ. ಆಮೇಲೆ ಕಂಪನಿಯ ಕ್ಲೇಮು ವಿಭಾಗದಿಂದ ಒಂದು ಇಮೇಲ್ ಬಂತು. ಹಾನಿ ಮೇಲ್ನೋಟಕ್ಕೆ ಹೊರಕವಚಕ್ಕೆ ಸೀಮಿತವಾಗಿರುವುದರಿಂದ, ತಗ್ಗಿದ ಭಾಗವನ್ನು ಹೊರಗಿನ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿಸಿ ಬಿಲ್ ಸಲ್ಲಿಸಿದರೆ ಆ ಮೊತ್ತವನ್ನು ಪರಿಶೀಲಿಸಲಾಗುವುದು ಎಂದು ಅದರಲ್ಲಿ ಬರೆದಿತ್ತು.

ಮಾನ್ಯರೇ, ಅಲ್ಯೂಮಿನಿಯಂ ವೆಲ್ಡಿಂಗ್ ನನ್ನ ಹೊಟ್ಟೆಪಾಡು. ಆ ಲೋಹ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕೆ ಒಂದು ಕಡೆ ಶಾಖ ಕೊಟ್ಟರೆ ಕ್ಷಣಾರ್ಧದಲ್ಲಿ ಸುತ್ತಲೂ ಹರಡುತ್ತದೆಂಬುದು ನಮ್ಮಲ್ಲಿ ಕೆಲಸಕ್ಕೆ ಸೇರಿದ ಹುಡುಗ ಮೊದಲ ವಾರದಲ್ಲಿ ಕಲಿಯುವ ಪಾಠ. ಬ್ಯಾಟರಿಯ ಆ ಅಲ್ಯೂಮಿನಿಯಂ ಕವಚದ ಮೇಲ್ಭಾಗದಲ್ಲಿಯೇ ಜೋಡಿಸಿರುವ ಲಿಥಿಯಂ ಕೋಶಗಳಲ್ಲಿ ಧನ ಮತ್ತು ಋಣ ಭಾಗಗಳನ್ನು ಬೇರೆಯಾಗಿಡುವ ತೆಳುವಾದ ಪಾಲಿಥೀನ್ ಪದರ 130 ಡಿಗ್ರಿಯ ಆಸುಪಾಸಿನಲ್ಲೇ ಕರಗಿಹೋಗುತ್ತದೆ. ಕರಗಿದರೆ ಒಳಗೇ ಶಾರ್ಟ್ ಆಗಿ, ಒಂದು ಕೋಶದ ಬೆಂಕಿ ಪಕ್ಕದ ಕೋಶಕ್ಕೆ ಹಬ್ಬಿ, ಸುಲಭವಾಗಿ ಆರಿಸಲಾಗದ ಜ್ವಾಲೆಯಾಗುತ್ತದೆ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದು ಜನ ಸತ್ತ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ಮಾನದಂಡಗಳನ್ನು ಬಿಗಿಗೊಳಿಸಿತು. ಅಂಥ ದೇಶದಲ್ಲಿ ಒಂದು ವಿಮಾ ಕಂಪನಿ, ಕೂಲೆಂಟ್ ತಟ್ಟೆ ಬಾಗಿ ಇನ್ಸುಲೇಷನ್ ಕೆಟ್ಟಿರುವ ಬ್ಯಾಟರಿಗೆ ವೆಲ್ಡಿಂಗ್ ಮಾಡಿಸಿ ಎಂದು ಲಿಖಿತವಾಗಿ ಸೂಚಿಸುತ್ತದೆ. ನಾನು ಈ ಕಸುಬಿನವನಲ್ಲದೆ ಬೇರೆ ಯಾರೋ ಆಗಿದ್ದರೆ, ಖರ್ಚು ಉಳಿಯುತ್ತದಲ್ಲಾ ಎಂದು ಮೂಲೆಯ ಗ್ಯಾರೇಜಿಗೆ ಕಾರನ್ನು ಒಯ್ದಿದ್ದರೆ, ಆ ಗ್ಯಾರೇಜಿನ ಕೆಲಸಗಾರನ ಗತಿ ಏನಾಗುತ್ತಿತ್ತು? ಆ ಇಮೇಲನ್ನು ಮತ್ತೆ ಮತ್ತೆ ಓದಿದ್ದೇನೆ, ಪ್ರತಿ ಸಲವೂ ಮೈ ಉರಿಯುತ್ತದೆ. ನಾನದಕ್ಕೆ ಕೊಟ್ಟ ಉತ್ತರಕ್ಕೆ ವಿಷಾದವೊಂದನ್ನೂ ಅವರು ಸೂಚಿಸಲಿಲ್ಲ. ವೆಲ್ಡಿಂಗ್ ಮಾತನ್ನು ಕೈಬಿಟ್ಟು, ನೇರವಾಗಿ ಶೇ 50ರ ಪಟ್ಟಿಯನ್ನು ಮುಂದಿಟ್ಟರು.

ಪರವಾನಗಿ ಪಡೆದ ಸರ್ವೇಯರ್ ನಷ್ಟವನ್ನು ಅಳೆಯಬೇಕೆಂದು 1938ರ ವಿಮಾ ಕಾಯ್ದೆ ಹೇಳುತ್ತದೆ, ಆ ಪರವಾನಗಿ ಕೊಡುವುದು ತಮ್ಮ ಪ್ರಾಧಿಕಾರ. ಹೈವೋಲ್ಟೇಜ್ ಬ್ಯಾಟರಿಯ ತರಬೇತಿ ಇಲ್ಲದವರನ್ನು ಇಂಥ ಕ್ಲೇಮುಗಳಿಗೆ ಕಳುಹಿಸುವುದನ್ನು ತಡೆಯುವ ಅಧಿಕಾರವೂ ತಮಗಿದೆ.

ಕಾಲಮಿತಿಯ ನಿಯಮಗಳೂ ತಮ್ಮವೇ. 2024ರ ಜೂನ್‌ನಲ್ಲಿ ತಮ್ಮ ಪ್ರಾಧಿಕಾರ ಹೊರಡಿಸಿದ ಮಾಸ್ಟರ್ ಸುತ್ತೋಲೆಯ ಪ್ರಕಾರ ಕ್ಲೇಮು ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕವಾಗಬೇಕು, 15 ದಿನಗಳಲ್ಲಿ ವರದಿ ಬರಬೇಕು, ವರದಿ ಕೈಸೇರಿದ 7 ದಿನಗಳಲ್ಲಿ ಕಂಪನಿ ತೀರ್ಮಾನ ಹೇಳಬೇಕು. ನನ್ನ ಪ್ರಕರಣದಲ್ಲಿ ಪಾಲನೆಯಾದದ್ದು ಮೊದಲನೆಯದು ಮಾತ್ರ. ಉಳಿದಂತೆ ಗೌರಿ ಗಣೇಶ ಕಳೆಯಿತು, ದಸರಾ ಕಳೆಯಿತು, ದೀಪಾವಳಿ ಕಳೆಯಿತು. ಆಯುಧಪೂಜೆಯ ದಿನ ಘಟಕದ ಯಂತ್ರಗಳಿಗೆ, ಹುಡುಗರ ಬೈಕುಗಳಿಗೆಲ್ಲ ಪೂಜೆಯಾಯಿತು. ಸಾಲ ಮಾಡಿ ಕೊಂಡ ಕಾರು ಮಾತ್ರ ಸರ್ವಿಸ್ ಸೆಂಟರಿನಲ್ಲಿ ಧೂಳು ಹಿಡಿಯುತ್ತಿತ್ತು. ಬ್ಯಾಂಕಿನ ಕಂತು ಒಂದು ತಿಂಗಳೂ ನಿಲ್ಲಲಿಲ್ಲ. ಇದರ ನಡುವೆ ಸರ್ವಿಸ್ ಸೆಂಟರಿನವರು ಗಾಡಿ ನಿಲ್ಲಿಸಿದ್ದಕ್ಕೆ ದಿನಬಾಡಿಗೆ ಕೇಳತೊಡಗಿದರು. ವಯಸ್ಸಾದ ತಾಯಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ವಾರಕ್ಕೆ ಮೂರು ಸಲ ಬಾಡಿಗೆ ಕಾರು ಹಿಡಿಯುತ್ತಿದ್ದೇನೆ. ಅವರ ಬೆನ್ನಿಗೆ ಕುಲುಕಾಟ ತಾಗಬಾರದೆಂಬುದೇ ಈ ಕಾರು ಕೊಳ್ಳಲು ಒಂದು ಮುಖ್ಯ ಕಾರಣವಾಗಿತ್ತು.

ಗುಜರಿ ಬೆಲೆಯ 2 ಲಕ್ಷದ ಬಗ್ಗೆ ಒಂದು ಮಾತು. ಹಾಳಾದ ಬ್ಯಾಟರಿಯನ್ನು ನೀವೇ ಮಾರಿಕೊಳ್ಳಿ ಎಂದು ಕಂಪನಿ ಹೇಳುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ವಿದ್ಯುತ್ ವಾಹನಗಳ ಬ್ಯಾಟರಿಗೂ ಅನ್ವಯಿಸುತ್ತವೆ. ಅದನ್ನು ಹಿಂಪಡೆದು ಮರುಬಳಕೆಗೆ ಕಳುಹಿಸುವ ಹೊಣೆ ಉತ್ಪಾದಕರದು, ಸಿಕ್ಕ ಗುಜರಿ ಅಂಗಡಿಗೆ ಹಾಕುವಂತಿಲ್ಲ. ಸರ್ವಿಸ್ ಸೆಂಟರಿನವರು ಹಳೆಯದನ್ನು ವಾಪಸು ಪಡೆಯುವರೇ ಹೊರತು ನನಗೆ ಒಂದು ಪೈಸೆ ಕೊಡುವುದಿಲ್ಲ. ಕೈಗೆ ಬಾರದ ಹಣವನ್ನು ಬಂದಿದೆ ಎಂದು ಬರೆದು ಕಳೆಯುವುದನ್ನು ಯಾವ ನಿಯಮ ಒಪ್ಪುತ್ತದೆ?

ಎಪ್ಪತ್ತು ಲಕ್ಷದ ಕಾರು ಇಟ್ಟವನಿಗೆ 12 ಲಕ್ಷ ಯಾವ ಲೆಕ್ಕ ಎಂದು ಓದುವವರಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಿನ ಬೆಲೆಗೆ ತಕ್ಕ ಪ್ರೀಮಿಯಂ ಕಟ್ಟಿದ್ದೇನೆ. 25 ಲಕ್ಷಕ್ಕೆ ಮೇಲ್ಪಟ್ಟ ವಿದ್ಯುತ್ ಕಾರುಗಳಿಗೆ ಕರ್ನಾಟಕ 2024ರಲ್ಲಿ ವಿಧಿಸಿದ ಶೇ 10ರ ಆಜೀವ ತೆರಿಗೆಯನ್ನೂ ಕಟ್ಟಿದ್ದೇನೆ. ಅಷ್ಟಕ್ಕೂ ಈ ಶೇ 50ರ ಪಟ್ಟಿ ಕಾರಿನ ಬೆಲೆ ನೋಡಿ ಕಡಿಯುವುದಿಲ್ಲ. ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹಗಲು ರಾತ್ರಿ ಓಡುವ ವಿದ್ಯುತ್ ಟ್ಯಾಕ್ಸಿಯ ಚಾಲಕನೂ ಇದೇ ಅಚ್ಚಿನ ಪಾಲಿಸಿ ಹಿಡಿದಿದ್ದರೆ ಅವನ ಬ್ಯಾಟರಿಗೂ ಇದೇ ಗತಿ, ಮತ್ತು ಅವನ ದುಡಿಮೆ ಅಂದಿಗೇ ನಿಲ್ಲುತ್ತದೆ. ಸರ್ಕಾರ ವಿದ್ಯುತ್ ವಾಹನಗಳಿಗೆ ಥರ್ಡ್ ಪಾರ್ಟಿ ಪ್ರೀಮಿಯಂನಲ್ಲಿ 2022ರಿಂದ ಶೇ 15 ರಿಯಾಯಿತಿ ಕೊಟ್ಟಿತು. ಆ ರಿಯಾಯಿತಿಯಲ್ಲಿ ವರ್ಷಕ್ಕೆ ಉಳಿದದ್ದು ಕೆಲವು ನೂರು ರೂಪಾಯಿ, ಹೆಚ್ಚೆಂದರೆ ಸಾವಿರ ಚಿಲ್ಲರೆ. ಒಂದು ಕಾಂಕ್ರೀಟ್ ತುಂಡಿನಿಂದ ಹೋಗುತ್ತಿರುವುದು ಲಕ್ಷಗಳು.

ವಿಮಾ ಲೋಕಪಾಲರಿದ್ದಾರಲ್ಲ, ಗ್ರಾಹಕರ ಆಯೋಗವಿದೆಯಲ್ಲ ಎಂದು ತಮ್ಮ ಕಚೇರಿ ಉತ್ತರಿಸಬಹುದು. 50 ಲಕ್ಷದವರೆಗಿನ ಪರಿಹಾರವನ್ನು ಲೋಕಪಾಲರು ಕೊಡಿಸಬಲ್ಲರೆಂಬುದು ಗೊತ್ತು, ಅಲ್ಲಿಯೂ ಅರ್ಜಿ ಸಲ್ಲಿಸಿದ್ದೇನೆ. ಆದರೆ ಅಲ್ಲಿ ನಾನು ಗೆದ್ದರೂ ಅದು ನನ್ನೊಬ್ಬನ ಗೆಲುವು. ಮಾರನೆಯ ದಿನ ಮತ್ತೊಬ್ಬರ ಕಾರಿನ ತಳಕ್ಕೆ ಕಲ್ಲು ಬಡಿದಾಗ ಅದೇ ಕಂಪನಿ ಅದೇ ಪಟ್ಟಿಯನ್ನು ತೆಗೆದು ತೋರಿಸುತ್ತದೆ. ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಆದೇಶಿಸಬಲ್ಲವರು ತಾವು.

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ. ವಿದ್ಯುತ್ ವಾಹನದ ಮುಖ್ಯ ಬ್ಯಾಟರಿಗೆ ಶೇ 50ರ ಕಡಿತ ಸಲ್ಲದೆಂದು, ಪ್ರೀಮಿಯಂಗೆ ಲೆಕ್ಕ ಹಾಕಿದ ಸವಕಳಿಯೇ ಪರಿಹಾರಕ್ಕೂ ಅನ್ವಯಿಸಬೇಕೆಂದು ಆದೇಶಿಸಿ. ಝೀರೋ ಡಿಪ್ರಿಸಿಯೇಷನ್ ಎಂಬ ಹೆಸರಿನಲ್ಲಿ ಮಾರುವ ಕವರಿನಿಂದ ಆ ಬ್ಯಾಟರಿಯನ್ನು ಹೊರಗಿಡುವುದನ್ನು ನಿಷೇಧಿಸಿ. ತರಬೇತಿ ಪಡೆದ ಸರ್ವೇಯರನ್ನೇ ಕಳುಹಿಸುವಂತೆ ಮಾಡಿ, ತಾವೇ ಬರೆದ 15 ಮತ್ತು 7 ದಿನಗಳ ಮಿತಿ ಮೀರಿದ ಕಂಪನಿಯಿಂದ ಪಾಲಿಸಿದಾರನಿಗೆ ಬಡ್ಡಿ ಕೊಡಿಸಿ. ವೆಲ್ಡಿಂಗ್ ಮಾಡಿಸಿ ಎಂದು ಬಂದ ಇಮೇಲಿನ ಪ್ರತಿಯನ್ನು ತಮ್ಮ ಕಚೇರಿಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ಅದನ್ನು ಓದಿ, ಅಂಥ ಸಲಹೆ ಕೊಟ್ಟವರನ್ನು ಪ್ರಶ್ನಿಸಿ. ಈ ಪತ್ರಕ್ಕೆ ಉತ್ತರವನ್ನು ಕಂಪನಿಯಿಂದ ಬರೆಯಿಸದೆ ತಮ್ಮ ಕಚೇರಿಯಿಂದಲೇ ಕಳುಹಿಸಿಕೊಡಬೇಕೆಂದು ಕೋರುತ್ತೇನೆ.

ಇಂತಿ,
ಪೀಣ್ಯದ ಒಬ್ಬ ಪಾಲಿಸಿದಾರ,
ಬೆಂಗಳೂರು.