ಸೀಮೆಸುಣ್ಣ ಬಿಟ್ಟುಹೋದ ಅಣ್ಣನಿಗೆ

ನಿಮ್ಮ ಹೆಸರು ಕೇಳೋದನ್ನೇ ಮರೆತುಬಿಟ್ಟೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಭೂಕಂಪವಾಗಿ 11 ದಿನ ಆಗಿತ್ತು. ಟಾರ್ಪಾಲಿನ ಕೆಳಗೆ ಮಲಗಿ ಸಾಕಾಗಿತ್ತು. ಊಟ, ಕಂಬಳಿ ಕೊಟ್ಟವರು ಬಹಳ ಜನ, ಅವರ ಋಣವೂ ಇದೆ. ನೀವು ಮಾತ್ರ ನಮ್ಮ ಮನೆಯ ಗೋಡೆಗಳನ್ನು ನೋಡೋಕೆ ಬಂದಿರಿ, ಒಂದು ಟಾರ್ಚು, ಒಂದು ತುಂಡು ಸೀಮೆಸುಣ್ಣ ಹಿಡಿದು. ಫೋಟೊ ತೆಗೆಯಲಿಲ್ಲ, ಅದೇ ದೊಡ್ಡದು ಅಲ್ವಾ!

ನಾನು ಹೆದರಿದ್ದು ಕೂದಲೆಳೆಯಂಥ ಒಂದು ಬಿರುಕಿಗೆ. ಅದು ಬರೀ ಗಾರೆ ಬಿಟ್ಟಿರೋದು ಅಂದಿರಿ. ಆಮೇಲೆ ಎರಡು ಕಿಟಕಿಗಳ ನಡುವೆ ಗುಣಿಸುವ ಚಿಹ್ನೆಯ ಹಾಗೆ ಹಾಯ್ದ ಬಿರುಕಿನ ಸುತ್ತ ಗೀಟು ಎಳೆದು, ‘ಅಪಾಯ ಇಲ್ಲಿದೆ, ಒಳಗೆ ಮಲಗಬೇಡಿ’ ಅಂದಿರಿ. ನನಗೆ ಸಿಟ್ಟು ಬಂದಿತ್ತು. ಮೂರನೇ ರಾತ್ರಿ ನೆಲ ಮತ್ತೆ ನಡುಗಿತು, ಆ ಗೋಡೆ ಕುಸಿಯಿತು. ಮಕ್ಕಳು ಹೊರಗೆ ಮಲಗಿದ್ದರು.

ಮನೆ ಮತ್ತೆ ಕಟ್ಟುವಾಗ ನೀವು ಹೇಳಿದ ಹಾಗೇ ಬಾಗಿಲು ಕಿಟಕಿಗಳ ಮೇಲೆ ನಾಲ್ಕೂ ಗೋಡೆ ಸುತ್ತುವ ಕಾಂಕ್ರೀಟ್ ಪಟ್ಟಿ ಹಾಕಿಸಿದೆವು. ಮೂಲೆಯಲ್ಲಿ ಆ ಪಟ್ಟಿಯೊಳಗಿನ ಕಬ್ಬಿಣದ ಕಂಬಿ ತುಂಡು ಮಾಡದೆ ಬಗ್ಗಿಸಿಯೇ ತಿರುಗಿಸಿ ಅಂತ ಪಟ್ಟು ಹಿಡಿದೆ. ಮೇಸ್ತ್ರಿ ಗೊಣಗಿದರು, ಸುಮ್ನೆ ಖರ್ಚು ಅಂದರು. ಈಗ ಪಕ್ಕದ ಮನೆಗಳಿಗೂ ಅವರೇ ಹಾಕುತ್ತಿದ್ದಾರೆ.

ನಿಮ್ಮ ಸೀಮೆಸುಣ್ಣ ಇಲ್ಲೇ ಉಳಿದಿದೆ, ಅಣ್ಣ. ತುಂಬಾ ಥ್ಯಾಂಕ್ಸ್.